ಮೇಲಧಿಕಾರಿಯ ನಾಲಗೆ

(ಬಾನುಲಿ ಭಾಷಣ)

ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ಸಂದರ್ಭವಿದೆ. ಕೌರವರ ಪಕ್ಷವನ್ನು ಸೇರಬೇಕಾಗಿ ಬಂದ ಶಲ್ಯನು ಧರ್ಮರಾಯನನ್ನು ಕಾಣಲು ಬರುತ್ತಾನೆ. ಧರ್ಮರಾಯನು ಅವನಲ್ಲಿ ಸೈನ್ಯವನ್ನಾಗಲಿ ಆಯುಧವನ್ನಾಗಲಿ ಬೇಡುವುದಿಲ್ಲ. ಮುಂದೆ ಕರ್ಣನ ರಥಕ್ಕೆ ನೀನು ಸಾರಥಿಯಾಗುವ ದಿನ ಬಂದೀತು, ಆಗ ಅವನ ತೇಜಸ್ಸನ್ನು ಮಾತಿನಿಂದ ಕುಗ್ಗಿಸು ಎಂದಷ್ಟೇ ಕೇಳಿಕೊಳ್ಳುತ್ತಾನೆ. ನಾವು ಇಂದಿಗೂ ಬಳಸುವ ‘ತೇಜೋವಧೆ’ ಎಂಬ ಪದ ಈ ಪ್ರಸಂಗದೊಡನೆ ಹೆಣೆದುಕೊಂಡಿದೆ. ಬಿಲ್ಲನ್ನು ಮುರಿಯದೆ, ಕುದುರೆಯನ್ನು ಕೆಡಹದೆ, ಬರಿಯ ಮಾತಿನಿಂದಲೇ ಒಬ್ಬ ವೀರನ ಕೈ ಸೋಲುವಂತೆ ಮಾಡಬಹುದೆಂಬುದನ್ನು ನಮ್ಮ ಹಿಂದಿನವರು ಬಲ್ಲರು. ಶತ್ರುವಿನ ಪಾಳೆಯದಲ್ಲಿ ನಡೆಯಲೆಂದು ಧರ್ಮರಾಯನು ಬೇಡಿ ಪಡೆದ ಈ ಉಪಕಾರವನ್ನು ನಮ್ಮ ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆಗಳಲ್ಲಿ ಕೆಲವರು ಮೇಲಧಿಕಾರಿಗಳು ತಮ್ಮ ಸ್ವಂತ ಜನಕ್ಕೇ, ಯಾರೂ ಬೇಡದೆ, ದಿನವೂ ಮಾಡುತ್ತಿರುತ್ತಾರೆ. ಅದರಿಂದ ಕೆಲಸಕ್ಕೂ ಕೆಲಸಗಾರನಿಗೂ ಏನಾಗುತ್ತದೆ ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶಿಸ್ತು ಬೇರೆ, ಅವಹೇಳನ ಬೇರೆ. ತಪ್ಪನ್ನು ತಪ್ಪೆಂದು ಹೇಳುವುದು, ಹೊತ್ತಿಗೆ ಸರಿಯಾಗಿ ಕೆಲಸವನ್ನು ಕೇಳುವುದು ಮೇಲಧಿಕಾರಿಯ ಕರ್ತವ್ಯ. ಅಮೆರಿಕದ ವಿದ್ವಾಂಸ ಬೆನೆಟ್ ಟೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇನ್ನೊಂದರ ಲಕ್ಷಣವನ್ನು ನಿರೂಪಿಸಿದರು. ಮೈಯನ್ನು ಮುಟ್ಟದೆ, ಮಾತಿನಿಂದಲೋ ಮುಖಚರ್ಯೆಯಿಂದಲೋ ಕೈಕೆಳಗಿನವರ ಮೇಲೆ ಬಿಡದೆ ತೋರುವ ಹಗೆತನ ಎಂಬುದು ಅದರ ಸಾರ. ಇಲ್ಲಿ ‘ಬಿಡದೆ’ ಎಂಬುದು ಮುಖ್ಯ. ಒಂದು ದಿನದ ಸಿಡುಕನ್ನು ಯಾರೂ ಕ್ಷಮಿಸಿಯಾರು. ನಿತ್ಯದ ಸಿಡುಕು ಮನುಷ್ಯನ ಹವಾಮಾನವೇ ಆಗಿಬಿಡುತ್ತದೆ.

ಕನ್ನಡಿಗರಾದ ನಮಗೆ ಇದನ್ನು ಗುರುತಿಸಲು ವ್ಯಾಕರಣವೇ ಒಂದು ಅಳತೆಗೋಲನ್ನು ಕೊಟ್ಟಿದೆ. ‘ಸಾಹೇಬರು ನನ್ನನ್ನು ಏಕವಚನದಲ್ಲಿ ಮಾತನಾಡಿಸಿದರು’ ಎಂದು ಐವತ್ತು ದಾಟಿದ ಗುಮಾಸ್ತನೊಬ್ಬ ಹೇಳುವಾಗ ಅವನು ವ್ಯಾಕರಣದ ಪಾಠವನ್ನು ಒಪ್ಪಿಸುತ್ತಿಲ್ಲ, ಗಾಯವನ್ನು ತೋರಿಸುತ್ತಿದ್ದಾನೆ. ಅದೇ ಏಕವಚನ ತಾಯಿಯ ಬಾಯಲ್ಲಿ ವಾತ್ಸಲ್ಯ, ಗೆಳೆಯನ ಬಾಯಲ್ಲಿ ಸಲಿಗೆ. ದೇವರನ್ನೂ ನಾವು ಏಕವಚನದಲ್ಲಿಯೇ ಕರೆಯುತ್ತೇವೆ. ಆದುದರಿಂದ ದೋಷವಿರುವುದು ಪ್ರತ್ಯಯದಲ್ಲಲ್ಲ. ಅದೇ ಪ್ರತ್ಯಯದಲ್ಲಿ ತಿರುಗಿ ಉತ್ತರ ಕೊಡಲಾರದವನ ಮೇಲೆ ಅದನ್ನು ಪ್ರಯೋಗಿಸುವುದರಲ್ಲಿ.

‘ಬೈಯದೆ ಕೆಲಸವಾಗುವುದಿಲ್ಲ’ ಎಂದು ವಾದಿಸುವವರುಂಟು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಬಂದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ತನ್ನ ಸಹೋದ್ಯೋಗಿಗಳಾದ ಲಿಪ್ಪಿಟ್ ಮತ್ತು ವೈಟ್ ಅವರೊಡನೆ 1939ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಬೇರೆ ಬೇರೆ ಸ್ವಭಾವದ ಮುಂದಾಳುಗಳನ್ನು ಇಟ್ಟು ನೋಡಿದರು. ಎಲ್ಲವನ್ನೂ ತಾನೇ ಆಜ್ಞಾಪಿಸುವ ಮುಂದಾಳು ಎದುರಿಗಿದ್ದಷ್ಟು ಹೊತ್ತು ಕೆಲಸವೇನೂ ಕಡಿಮೆಯಾಗಲಿಲ್ಲ. ಅವನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಬಿದ್ದುಹೋಯಿತು. ಎಲ್ಲರೊಡನೆ ಕೂಡಿ ತೀರ್ಮಾನಿಸುವ ಮುಂದಾಳುವಿನ ಗುಂಪಿನಲ್ಲಿ ಅವನು ಇಲ್ಲದಾಗಲೂ ಕೆಲಸ ಬಹುಮಟ್ಟಿಗೆ ಸಾಗಿತು. ಅಷ್ಟೇ ಅಲ್ಲ, ಆಜ್ಞೆಯ ಗುಂಪುಗಳಲ್ಲಿ ಕೆಲವು ಜಡವಾದವು. ಕೆಲವು ತಮ್ಮತಮ್ಮಲ್ಲೇ ಕಚ್ಚಾಡಿದವು. ಅವು ಮಕ್ಕಳ ಗುಂಪುಗಳು, ನಿಜ. ಆದರೆ ಸಾಹೇಬರ ಮೋಟಾರು ಕಾಂಪೌಂಡನ್ನು ದಾಟಿದ ಮೇಲೆ ನಮ್ಮ ಕಚೇರಿಗಳು ಹೇಗಿರುತ್ತವೆ ಎಂಬುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಎದುರಿಗಿದ್ದಾಗಿನ ಕೆಲಸವಾದರೂ ಒಳ್ಳೆಯದಾಗಿರುತ್ತದೆಯೆ? ಕ್ರಿಸ್ಟೀನ್ ಪೊರಾತ್ ಮತ್ತು ಅಮಿರ್ ಎರೆಜ್ ಎಂಬುವರು 2007ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒರಟು ಮಾತನ್ನು ಕೇಳಿಸಿಕೊಂಡವರು ಅಕ್ಷರಗಳನ್ನು ಜೋಡಿಸಿ ಪದ ಮಾಡುವುದರಲ್ಲಿಯೂ ಒಂದು ಇಟ್ಟಿಗೆಯನ್ನು ಯಾವ ಯಾವುದಕ್ಕೆ ಬಳಸಬಹುದೆಂದು ಯೋಚಿಸುವುದರಲ್ಲಿಯೂ ಹಿಂದುಳಿದರು. ಇಸ್ರೇಲಿನ ವೈದ್ಯರ ಪ್ರಯೋಗ ಇನ್ನೂ ಗಂಭೀರವಾದುದು. ನವಜಾತ ಶಿಶುಗಳ ಶುಶ್ರೂಷೆಯಲ್ಲಿ ಪಳಗಿದ 24 ತಂಡಗಳಿಗೆ ಅವಧಿಗೆ ಮುನ್ನ ಹುಟ್ಟಿದ ಶಿಶುವೊಂದರ ಸ್ಥಿತಿ ಹದಗೆಡುವ ಕೃತಕ ಸನ್ನಿವೇಶವನ್ನು ಕೊಟ್ಟರು. ಕೆಲವು ತಂಡಗಳಿಗೆ ಹೊರಗಿನ ತಜ್ಞನೊಬ್ಬ ಹಗುರವಾದ ಒಂದೆರಡು ಅವಹೇಳನದ ಮಾತುಗಳನ್ನಾಡುವಂತೆ ಏರ್ಪಾಡಾಗಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮಾತುಗಳನ್ನು ಕೇಳಿದ ತಂಡಗಳು ರೋಗನಿರ್ಣಯದಲ್ಲಿಯೂ ಚಿಕಿತ್ಸೆಯಲ್ಲಿಯೂ ಕೆಳಗಿಳಿದವು. ಅವರು ತಿಳಿದುದನ್ನು ಪರಸ್ಪರ ಹೇಳಿಕೊಳ್ಳುವುದು, ನೆರವು ಕೇಳುವುದು ಕಡಿಮೆಯಾಗಿತ್ತು. ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ. ಆದರೆ ಮನಸ್ಸಿನ ಒಂದು ಭಾಗ ಆ ಮಾತನ್ನೇ ಮೆಲುಕು ಹಾಕುತ್ತಿದ್ದಾಗ ಉಳಿದ ಭಾಗ ಎಷ್ಟು ಕೆಲಸ ಮಾಡೀತು?

ಇದಕ್ಕಿಂತ ದೊಡ್ಡ ಹಾನಿ ಮೌನದ್ದು. ವಿರಾಟಪರ್ವವನ್ನು ನೆನೆಯಿರಿ. ಉತ್ತರಕುಮಾರನು ಕೌರವರನ್ನು ಗೆದ್ದನೆಂಬ ಸುದ್ದಿ ಬಂದಾಗ ವಿರಾಟರಾಯನು ಕಂಕನೊಡನೆ ಪಗಡೆಯಾಡುತ್ತ ಮಗನನ್ನು ಹೊಗಳಿಕೊಳ್ಳುತ್ತಾನೆ. ಬೃಹನ್ನಳೆ ಸಾರಥಿಯಾಗಿರುವಾಗ ಗೆಲುವೇನು ಆಶ್ಚರ್ಯ ಎಂದು ಕಂಕನು ಸತ್ಯವನ್ನು ನುಡಿಯುತ್ತಾನೆ. ದೊರೆ ಸಿಟ್ಟಿನಿಂದ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಮೂಗಿನಿಂದ ರಕ್ತ ಸುರಿಯುತ್ತದೆ. ಕಂಕನ ವೇಷದಲ್ಲಿದ್ದವನು ಧರ್ಮರಾಯ. ಅವನು ರಕ್ತವನ್ನು ನೆಲಕ್ಕೆ ಬೀಳಗೊಡದೆ ಬೊಗಸೆಯಲ್ಲಿ ಹಿಡಿದು ಸುಮ್ಮನಾಗುತ್ತಾನೆ. ಆ ಆಸ್ಥಾನದಲ್ಲಿ ಆ ಹೊತ್ತಿಗೆ ದೊರೆಗೆ ನಿಜವನ್ನು ಹೇಳಿದವನು ಅವನೊಬ್ಬನೇ, ಅವನಿಗೆ ಸಂದ ಸಂಬಳ ಇದು. ಇದನ್ನು ಕಂಡ ಮೇಲೆ ಉಳಿದ ಊಳಿಗದವರು ಯಾವ ಪಾಠವನ್ನು ಕಲಿತಾರು?

ಅಮೆರಿಕದ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪಾಠವನ್ನು ಆಸ್ಪತ್ರೆಗಳಲ್ಲಿ ಕಂಡಿತು. ಒಳ್ಳೆಯ ಮೇಲ್ವಿಚಾರಣೆಯಿದ್ದ ವಾರ್ಡುಗಳಲ್ಲಿ ಔಷಧದ ತಪ್ಪುಗಳು ಕಡಿಮೆಯಿರಬೇಕೆಂದು ಅವರು ನಿರೀಕ್ಷಿಸಿದ್ದರು. ದಾಖಲೆಯಲ್ಲಿ ಹೆಚ್ಚಾಗಿ ಕಂಡವು. ತಪ್ಪು ಹೆಚ್ಚಾಗಿ ನಡೆಯುತ್ತಿರಲಿಲ್ಲ, ಹೇಳಿಕೊಳ್ಳಲು ಹೆದರಿಕೆಯಿರಲಿಲ್ಲ ಎಂಬುದು ಅವರು ಕಂಡುಕೊಂಡ ವಿವರಣೆ. ಬೈಯುವ ಅಧಿಕಾರಿಯ ಕಡತ ಯಾವಾಗಲೂ ಶುಭ್ರವಾಗಿರುತ್ತದೆ. ಅದನ್ನು ಕಂಡು ಅವನು ತನ್ನ ಶಿಸ್ತಿಗೆ ತಾನೇ ಮೆಚ್ಚಿಕೊಳ್ಳುತ್ತಾನೆ.

ನಾನು ಅಧ್ಯಾಪಕನಾಗಿದ್ದ ಒಂದು ಕಾಲೇಜಿನಲ್ಲಿ ಇಂಥ ಪ್ರಾಂಶುಪಾಲರೊಬ್ಬರಿದ್ದರು. ಪರೀಕ್ಷಾ ವಿಭಾಗದ ಗುಮಾಸ್ತರನ್ನು ವಿದ್ಯಾರ್ಥಿಗಳೆದುರಿಗೇ ಗದರಿಸುವುದು ಅವರ ಪದ್ಧತಿ. ಅಂಕೆಗಳನ್ನು ಬಾಯಿಪಾಠವಾಗಿ ಬಲ್ಲ ಆ ಗುಮಾಸ್ತರು ಒಂದೊಂದು ಮೊತ್ತವನ್ನು ನಾಲ್ಕು ಸಲ ಕೂಡಿಸತೊಡಗಿದರು. ತಾವಾಗಿ ನಿರ್ಧರಿಸಬಹುದಾದ ಸಣ್ಣ ವಿಷಯಕ್ಕೂ ಲಿಖಿತ ಆಜ್ಞೆ ಬೇಕೆಂದರು. ಮಧ್ಯಾಹ್ನ ಮುಗಿಯುತ್ತಿದ್ದ ಕೆಲಸ ಮೂರು ದಿನ ಹಿಡಿಯತೊಡಗಿತು. ಕಿಟಕಿಯ ಮುಂದೆ ನಿಂತ ಹಳ್ಳಿಯ ಹುಡುಗರಿಗೆ ಅವರು ಗದರಿಸುವುದನ್ನು ನಾನು ಕೇಳಿದ್ದು ಆಗಲೇ; ಅದುವರೆಗೆ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆಯನ್ನು ಕಟ್ಟಿದವರು ಸಾಮಾನ್ಯರಲ್ಲ. ಮೇಲಿನಿಂದ ಬಿದ್ದ ಕೋಪ ಒಂದೊಂದೇ ಮೆಟ್ಟಿಲಿಳಿದು, ಇನ್ನು ಕೆಳಗೆ ಯಾರೂ ಇಲ್ಲದವನಲ್ಲಿ ಹೋಗಿ ನಿಲ್ಲುತ್ತದೆ. ಎಷ್ಟೋ ಸಲ ಆ ಕೊನೆಯ ಮೆಟ್ಟಿಲು ಮನೆಯ ಮಗುವೇ ಆಗಿರುತ್ತದೆ.

ತಿರುಗಿ ಮಾತನಾಡಬಾರದೆ ಎಂದು ಕೇಳಬಹುದು. ‘ಬಡವನ ಕೋಪ ದವಡೆಗೆ ಮೂಲ’ ಎಂಬುದನ್ನು ಅರಿತವನು ಬಾಯಿಯಿಂದ ತಿರುಗಿ ಬೀಳುವುದಿಲ್ಲ, ಕೈಯಿಂದ ತಿರುಗಿ ಬೀಳುತ್ತಾನೆ. ಹೇಳಿದಷ್ಟನ್ನೇ ಮಾಡುತ್ತಾನೆ, ಹೇಳದೆ ಮಾಡುತ್ತಿದ್ದುದನ್ನೆಲ್ಲ ನಿಲ್ಲಿಸುತ್ತಾನೆ. ಯಾವ ಸಂಸ್ಥೆಯಾದರೂ ನಿಂತಿರುವುದು ನೌಕರರು ಹೇಳದೆ ಮಾಡುವ ಆ ಕೆಲಸಗಳ ಮೇಲೆಯೇ. ಶಕ್ತಿಯುಳ್ಳವನು ಬೇರೆಡೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ, ಹೋಗಲಾರದವನು ಉಳಿದು ಒಣಗುತ್ತಾನೆ.

ಕಾನೂನು ಈಚೆಗೆ ಇತ್ತ ಕಣ್ಣು ತೆರೆದಿದೆ. ಸ್ವೀಡನ್ 1993ರಲ್ಲಿಯೇ ಕೆಲಸದ ಸ್ಥಳದ ಕಿರುಕುಳದ ವಿರುದ್ಧ ನಿಯಮ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮಲ್ಲಿ 2013ರ ಕಾಯಿದೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದುದು. ಬರಿಯ ಅವಹೇಳನ ಅದರ ವ್ಯಾಪ್ತಿಗೆ ಬಾರದು. ಕಾನೂನು ಬೇಕು. ಆದರೆ ದಿನದಿನದ ನುಡಿಯನ್ನು ತಿದ್ದಲು ಅದೊಂದರಿಂದಲೇ ಆಗದು. ತಪ್ಪನ್ನು ಏಕಾಂತದಲ್ಲಿ ತೋರಿಸುವುದು, ಒಳಿತನ್ನು ನಾಲ್ವರೆದುರು ಹೇಳುವುದು, ಅಹಿತವಾದ ಸುದ್ದಿ ತಂದವನನ್ನು ಕೂರಿಸಿ ಕೇಳುವುದು, ಇವಕ್ಕೆ ಯಾವ ಖರ್ಚೂ ಇಲ್ಲ. ಮೇಲಧಿಕಾರಿಗಳ ಮೇಲೆಯೂ ಅಧಿಕಾರಿಗಳಿರುತ್ತಾರಷ್ಟೆ. ಒಂದು ವಿಭಾಗದಿಂದ ಮೇಲಿಂದ ಮೇಲೆ ವರ್ಗಾವಣೆಯ ಅರ್ಜಿಗಳು ಬರುತ್ತಿದ್ದರೆ, ಅಲ್ಲಿಂದ ಒಂದು ದೂರೂ ಬಾರದಿದ್ದರೆ, ಆ ಮೌನವನ್ನು ಅವರು ಓದಲು ಕಲಿಯಬೇಕು.

ವಿರಾಟರಾಯನು ದುಷ್ಟನಲ್ಲ, ನಿಜ ತಿಳಿದ ಮೇಲೆ ನೊಂದುಕೊಂಡವನು. ಆದರೆ ತಾನು ಯಾರ ಮುಖಕ್ಕೆ ದಾಳ ಎಸೆದೆನೆಂಬುದು ಆ ಹೊತ್ತಿನಲ್ಲಿ ಅವನಿಗೆ ಗೊತ್ತಿರಲಿಲ್ಲ. ಕೈಕೆಳಗೆ ದುಡಿಯುವವರು ಯಾವ ಯೋಗ್ಯತೆಯವರೆಂಬುದು ನಾಲಗೆಯನ್ನು ಹಿಡಿದ ಅಧಿಕಾರಿಗೆ ಮಾತ್ರ ಕಾಣುತ್ತದೆ.