ಆ ರಾತ್ರಿ ಗೆಳೆಯ ಫೋನ್ ಎತ್ತಿದ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸ ಹಿಡಿಯುವುದು ಹೇಗೆ ಎಂಬ ಬಗ್ಗೆ ಮಾತಾಡು ಎಂದು ಮುಖ್ಯ ಗುರುಗಳು ಹೇಳಿದ್ದರು. ಅವರ ಅಪ್ಪಣೆ ಪಡೆದೇ ವಿಷಯ ಬದಲಿಸಿದ್ದೇನೆ. ಒಮ್ಮೆ ನನಗೆ ಬದುಕುವುದೇ ಬೇಡ ಅನ್ನಿಸಿತ್ತು. ಅಲ್ಲಿಂದ ಈ ಮೈಕಿನ ತನಕ ಹೇಗೆ ಬಂದೆ ಎಂಬುದನ್ನು ಹೇಳುತ್ತೇನೆ.

2023ರಲ್ಲಿ ಬೆಂಗಳೂರಿನಲ್ಲಿ ನನ್ನ ನೌಕರಿ ಹೋಯಿತು. ಆ ವರ್ಷ ಅಕಾಲಿಕ ಮಳೆಗೆ ನಮ್ಮ ದ್ರಾಕ್ಷಿಯೂ ಕೆಟ್ಟಿತ್ತು. ಅಪ್ಪ ತೋಟಕ್ಕೆ ಮಾಡಿದ ಸಾಲದ ಕಂತು ನನ್ನ ಪಗಾರದಿಂದಲೇ ಹೋಗಬೇಕಿತ್ತು. ನಾನು ಯಾರಿಗೂ ಹೇಳಲಿಲ್ಲ. ಮುಂಜಾನೆ ಬ್ಯಾಗ್ ಹಾಕಿಕೊಂಡು ಹೊರಟು ಪಾರ್ಕಿನಲ್ಲಿ ಕೂತು, ಸಂಜೆ ರೂಮಿಗೆ ಬರುತ್ತಿದ್ದೆ. ಅವ್ವ ಫೋನಿನಲ್ಲಿ "ಉಂಡೇನಪಾ?" ಎಂದರೆ "ಹೂಂ ಅವ್ವಾ" ಎನ್ನುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ನಿದ್ದೆ ಹೋಯಿತು. ನಾನಿಲ್ಲದಿದ್ದರೆ ಮನೆಯವರ ಭಾರ ಇಳಿಯುತ್ತದೆ ಎಂಬ ವಿಚಾರ ಶುರುವಾಯಿತು. ಅದು ಆಗ ಲೆಕ್ಕದಷ್ಟು ಸರಿ ಎನಿಸಿತ್ತು. ಬಿ.ಇ. ಓದಿದವನಿಗೂ ಆ ಲೆಕ್ಕದ ತಪ್ಪು ಕಾಣಲಿಲ್ಲ ನೋಡಿ.

ಒಂದು ರಾತ್ರಿ ಎರಡರ ಹೊತ್ತಿಗೆ ಗೆಳೆಯನಿಗೆ ಫೋನ್ ಮಾಡಿದೆ. ಹತ್ತನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವನು, ಈಗ ಟಿಕೋಟಾ ಹತ್ತಿರ ಒಣದ್ರಾಕ್ಷಿ ಶೆಡ್ ನಡೆಸುತ್ತಾನೆ. ಏನೋ ಸುಳ್ಳುಪಳ್ಳು ಮಾತಾಡುತ್ತಿದ್ದೆ. ಅವನು ನಡುವೆ ತಡೆದು, "ಸಾಯೂ ವಿಚಾರ ಬರಾಕತ್ತೈತೇನು ನಿನಗ?" ಎಂದು ಸೀದಾ ಕೇಳಿದ. ಹೂಂ ಎಂದೆ. ಆ ಒಂದು ಅಕ್ಷರ ಹೊರಗೆ ಬಂದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಮಂದಿ ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ಆಮೇಲೆ ಡಾಕ್ಟರರೂ ಹೇಳಿದರು.

ಅವನು ಬುದ್ಧಿ ಹೇಳಲಿಲ್ಲ, ಅವ್ವ ಅಪ್ಪನ ಆಣೆ ಹಾಕಲಿಲ್ಲ. "ಒಬ್ಬನ ಇರಬ್ಯಾಡ, ಬಾಜೂ ರೂಮಿನವರ ಬಾಗಲಾ ಬಡಿ, ಫೋನ್ ಇಡಬ್ಯಾಡ" ಎಂದ. ಆ ರೂಮಿನಲ್ಲಿ ಒಬ್ಬ ತಮಿಳು ಹುಡುಗನಿದ್ದ. ಅಲ್ಲಿಯವರೆಗೆ ಅವನ ಹೆಸರೂ ನನಗೆ ಗೊತ್ತಿರಲಿಲ್ಲ. ಅವನು ಏನನ್ನೂ ಕೇಳದೆ ಚಹಾ ಮಾಡಿದ, ಬೆಳಕು ಹರಿಯುವ ತನಕ ಜೊತೆಗೆ ಕೂತ.

ಬೆಳಿಗ್ಗೆ ಗೆಳೆಯ ತಾನೂ ಲೈನಿನಲ್ಲಿದ್ದು 14416ಕ್ಕೆ ಫೋನ್ ಹಚ್ಚಿಸಿದ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮರುದಿನ ಗೆಳೆಯನೇ ಬೆಂಗಳೂರಿಗೆ ಬಂದು, ಗೋಲಗುಂಬಜ್ ರೈಲಿನಲ್ಲಿ ನನ್ನನ್ನು ವಿಜಯಪುರಕ್ಕೆ ಕರೆತಂದ.

ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಮುಂದೆ ಕೂಡಲು ನನಗೆ ನಾಚಿಕೆ. ಊರವರು ಯಾರಾದರೂ ನೋಡಿದರೆ ಎಂದೆ. "ನೋಡಿದವರೂ ತೋರಿಸಾಕ ಬಂದಿರತಾರ, ಸುಮ್ನ ಕೂಡು" ಎಂದ. 1985ರಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗದಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹಬ್ಬಿತು ಎಂಬುದು ನನಗೆ ಆಮೇಲೆ ತಿಳಿಯಿತು. ಇಷ್ಟು ಹತ್ತಿರದ ಸಂಗತಿ ನನಗೆ ಗೊತ್ತೇ ಇರಲಿಲ್ಲ.

ಗುಳಿಗೆ ಹಿಡಿಯಲು ವಾರಗಳೇ ಬೇಕಾದವು. ಸ್ವಲ್ಪ ಆರಾಮೆನಿಸಿದ ಕೂಡಲೇ ನಾನೇ ಬಿಟ್ಟೆ, ಮತ್ತೆ ಕುಸಿದೆ, ಮತ್ತೆ ಹೋದೆ. ಡಾಕ್ಟರರು ಬೈಯಲಿಲ್ಲ. ನನ್ನ ಕೈಯಿಂದಲೇ ಒಂದು ಹಾಳೆ ಬರೆಸಿದರು: ಕೆಡುಗಾಲ ಬರುವ ಮುನ್ನ ನನ್ನಲ್ಲಿ ಏನೇನು ಬದಲಾಗುತ್ತದೆ, ಆಗ ಎಲ್ಲಿ ಹೋಗಿ ಕೂಡಬೇಕು, ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮತ್ತಾರಿಗೆ. ಕೊನೆಗೆ 14416, ತೀರಾ ತುರ್ತಿದ್ದರೆ 112. ಅದು ಈಗಲೂ ನನ್ನ ಪಾಕೀಟಿನಲ್ಲಿದೆ. ಮನೆಯವರಿಗೂ ಒಂದು ಮಾತು ಹೇಳಿದರು, ದ್ರಾಕ್ಷಿ ಬೆಳೆಯುವ ನಾವೆಲ್ಲ ಕೇಳಬೇಕಾದದ್ದು: ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡದೆ ಬೇರೆ ಕಡೆ ಕೀಲಿ ಹಾಕಿಡಿ, ಕೀಲಿಕೈ ಬೇರೆಯವರ ಹತ್ತಿರ ಇರಲಿ. ಕೆಟ್ಟ ಗಳಿಗೆ ಬಂದದ್ದು ಹೋಗಿಯೂ ಹೋಗುತ್ತದೆ, ಅದು ದಾಟುವವರೆಗೆ ಅಡ್ಡ ಒಂದು ಬಾಗಿಲಿರಬೇಕು.

ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು. ಅವರ ಆರೈಕೆ ಸರ್ಕಾರದ ಹೊಣೆ.

ಅಪ್ಪನಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟವಾಯಿತು. ತೋಟದ ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಸಾಲ ನನ್ನ ಹೆಸರಿಲೆ ಐತಿ, ನಿನ್ನ ಹೆಸರಿಲೆ ಅಲ್ಲ" ಎಂದರು. ಆಮೇಲೆ ಬ್ಯಾಂಕಿಗೆ ಇಬ್ಬರೂ ಕೂಡಿ ಹೋದೆವು. ಸಾಲ ಇನ್ನೂ ತೀರಿಲ್ಲ. ಏಳು ತಿಂಗಳ ಮೇಲೆ ನನಗೆ ಬೇರೆ ನೌಕರಿ ಸಿಕ್ಕಿತು, ಪಗಾರ ಮೊದಲಿಗಿಂತ ಕಡಿಮೆ.

ಮಕ್ಕಳೇ, ಪರೀಕ್ಷೆಯ ಭಯ ಇರಬಹುದು, ಮನೆಯ ಜಗಳ ಇರಬಹುದು, ಹೇಳಲಾಗದ ಇನ್ನೇನೋ ಇರಬಹುದು. ಒಬ್ಬ ದೊಡ್ಡವರಿಗೆ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. 1098 ಮಕ್ಕಳಿಗಾಗಿಯೇ ಇರುವ ನಂಬರು. ಗುರುಗಳಲ್ಲಿ ಒಂದು ವಿನಂತಿ: ಈ ನಂಬರುಗಳನ್ನು ಪ್ರತಿ ಕೋಣೆಯ ಗೋಡೆಗೆ ಬಣ್ಣದಲ್ಲಿ ಬರೆಸಿ. ಖರ್ಚು ನಮ್ಮ ಬ್ಯಾಚಿನದು.

ಊಟ ಮುಗಿದ ಮೇಲೆ ನಾನು ಹಿಂದಿನ ಬೇವಿನ ಗಿಡದ ಕೆಳಗೆ ಕೂತಿರುತ್ತೇನೆ. ನನ್ನ ಗೆಳೆಯನೂ ಇರುತ್ತಾನೆ. ಯಾರಿಗಾದರೂ ಮಾತಾಡಬೇಕೆನಿಸಿದರೆ ಬನ್ನಿ.