ಗೇಜಿನ ಮುಳ್ಳಿನ ಲೆಕ್ಕ

(ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕನ್ನಡ ಕೆಲಸಗಾರರ ಮುಂದೆ ಮಾಡಿದ ಭಾಷಣ)



ನಾನು ಇಂಜಿನಿಯರನಲ್ಲ. ಮಿಡ್ಲ್ ಸ್ಕೂಲು ಮುಗಿಸಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವನು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಾನಿದ್ದ ಒಂದು ಹೋಟೆಲಿನ ಕಾಫಿ ಬಾಯ್ಲರಿಗೆ ಪೌಂಡಿನ ಗೇಜಿತ್ತು. ಮುಳ್ಳು 15ಕ್ಕೆ ಬಂದರೆ ಸಾಕೆಂಬುದು ಎಲ್ಲರಿಗೂ ಬಾಯಿಪಾಠ. ಅದು ಕೆಟ್ಟಾಗ ಕಿಲೋಗ್ರಾಮಿನ ಗೇಜು ತಂದು ಹಾಕಿದರು. ಮೇಸ್ತ್ರಿಯವರು ಸಕ್ಕರೆ ತೂಗುವ ಲೆಕ್ಕ ಹಾಕಿದರು. ಕಿಲೋಗೆ 2.2 ಪೌಂಡು, ಹಾಗಾದರೆ 15 ಪೌಂಡಿಗೆ ಸುಮಾರು 7 ಕಿಲೋ. "ಏಳಕ್ಕೆ ಬರಲಿ ಮಾರಾಯಾ" ಎಂದರು. ಮುಳ್ಳು 3 ದಾಟುವಷ್ಟರಲ್ಲೇ ಸೇಫ್ಟಿ ವಾಲ್ವು ತೆರೆದು ಆವಿ ನುಗ್ಗಿತು. ಪಕ್ಕದಲ್ಲಿದ್ದ ಹುಡುಗನಿಗೆ ಮೊಣಕೈವರೆಗೆ ಚರ್ಮ ಎದ್ದಿತು. ಔಷಧದ ಖರ್ಚನ್ನು ಅವನ ಸಂಬಳದಲ್ಲೇ ಮುರಿದುಕೊಂಡರು. ವಾಲ್ವೂ ಕೆಟ್ಟಿದ್ದರೆ ಏನಾಗುತ್ತಿತ್ತೋ!

ಮೇಸ್ತ್ರಿಯವರು ತಪ್ಪಿದ್ದೆಲ್ಲಿ? ಗೇಜು ತೋರಿಸುವುದು ಒಂದು ಚದರದ ಮೇಲೆ ಬೀಳುವ ಭಾರವನ್ನು. ಪೌಂಡಿನ ಗೇಜಿನಲ್ಲಿ ಅದು ಚದರ ಇಂಚು, ಕಿಲೋ ಗೇಜಿನಲ್ಲಿ ಚದರ ಸೆಂಟಿಮೀಟರು. ಒಂದು ಚದರ ಇಂಚಿನೊಳಗೆ 6.45 ಚದರ ಸೆಂಟಿಮೀಟರು ಹಿಡಿಯುತ್ತದೆ. ಆದ್ದರಿಂದ 2.2ನ್ನು 6.45ರಿಂದ ಗುಣಿಸಿರಿ: 14.2. ಒಂದು ಕಿಲೋ ಒತ್ತಡಕ್ಕೆ 14.2 ಪೌಂಡು. ನಮ್ಮ ಬಾಯ್ಲರಿಗೆ ಬೇಕಾಗಿದ್ದುದು ಒಂದು ಕಿಲೋಗಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಗೇಜಿನ ಮೇಲೆ 'ಬಾರ್' ಎಂದಿದ್ದರೆ ಒಂದಕ್ಕೆ 14.5 ಪೌಂಡು. 'ಎಂಪಿಎ' ಎಂದಿದ್ದರೆ ಒಂದಕ್ಕೆ ಹತ್ತು ಬಾರ್, ಜಾಗ್ರತೆ.

ನಾವು ಕುಳಿತಿರುವ ಈ ನೆಲವೂ ಯಂತ್ರದ ಬಲದಿಂದ ಬಂದದ್ದೇ. 1920ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಸಾಹೇಬರ ಕಾಲದಲ್ಲಿ, ಹಿನ್ನೀರಿನ ತಳದ ಹೂಳನ್ನು ಡ್ರೆಜರಿನಿಂದ ತೆಗೆದು ತುಂಬಿ ಈ ದ್ವೀಪವನ್ನು ಮಾಡಿದರು. ಧಕ್ಕೆಯ ಜಾಕಿಯಲ್ಲಾಗಲಿ, ಮಿಲ್ಲಿನ ಬೇಲ್ ಪ್ರೆಸ್ಸಿನಲ್ಲಾಗಲಿ ಎಣ್ಣೆಯ ಒತ್ತಡಕ್ಕೆ ಲೆಕ್ಕ ಒಂದೇ: ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸುವುದು. ವಿಸ್ತೀರ್ಣಕ್ಕೆ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿರಿ. ಪಿಸ್ಟನ್ನು 10 ಸೆಂಟಿಮೀಟರು ಅಗಲವಿದ್ದರೆ 78.5 ಚದರ ಸೆಂಟಿಮೀಟರು. ಗೇಜು 70 ಕಿಲೋ ತೋರಿಸಿದರೆ ಎತ್ತುವ ಬಲ 5,495 ಕಿಲೋ, ಹತ್ತಿರ ಹತ್ತಿರ ಐದೂವರೆ ಟನ್ನು. ಅದೇ ಒತ್ತಡದಲ್ಲಿ 5 ಸೆಂಟಿಮೀಟರಿನ ಪಿಸ್ಟನ್ನು ಎಷ್ಟು ಎತ್ತೀತು? ಅರ್ಧ ಎಂದು ಈಗ ಹಿಂದಿನ ಸಾಲಿನಿಂದ ಯಾರೋ ಹೇಳಿದಿರಿ. ಅರ್ಧವಲ್ಲ ಅಣ್ಣಾ, ಕಾಲು ಭಾಗ: ಸುಮಾರು 1,374 ಕಿಲೋ. ಈ ಅರ್ಧ-ಕಾಲಿನ ವ್ಯತ್ಯಾಸ ತಿಳಿಯದೆ ಭಾರದ ಕೆಳಗೆ ಕೈಯಿಡಬೇಡಿ.

ಗಾಳಿಗೆ ಇನ್ನೊಂದು ಮಾತಿದೆ. ಎಣ್ಣೆ ಹೆಚ್ಚು ಕುಗ್ಗದು, ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಕುಳಿತಿರುತ್ತದೆ. ಹೊರಗಿನ ಗಾಳಿಯ ಸುಮಾರು ಒಂದು ಕಿಲೋ ಒತ್ತಡವನ್ನು ಗೇಜು ಎಣಿಸುವುದಿಲ್ಲ. ಗೇಜಿನಲ್ಲಿ 6 ಇದ್ದರೆ ಒಳಗಿರುವುದು 7. 100 ಲೀಟರಿನ ಟ್ಯಾಂಕಿನಿಂದ ಸುಮಾರು 600 ಲೀಟರು ಗಾಳಿ ಹೊರಗೆ ನುಗ್ಗಲು ಕಾದಿರುತ್ತದೆ. ಗಾಳಿ ಬಿಟ್ಟು ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಹೋಸ್ ಪೈಪು ಬಿಚ್ಚಿರಿ. ಮೇಲಿನವರು ಅವಸರ ಮಾಡಿದರೂ ಸರಿಯೇ.

ಎರಡು ಹಳೆಯ ಗೇಜು ತಂದಿದ್ದೇನೆ, ಒಂದು ಪೌಂಡಿನದು, ಒಂದು ಕಿಲೋದು. ಮುಂದೆ ಬಂದು ಓದಿ ನೋಡಿ.