ಕೇಳುವವನ ಹೊಣೆ

(ಸೇವಾ ಸಂಸ್ಥೆಯೊಂದರ ಸ್ವಯಂಸೇವಕರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಸ್ಥೆಯ ಬೆಂಬಲಿಗರು ತಮ್ಮ ಬಂಧು ಮಿತ್ರರಿಂದ ನಿಧಿ ಸಂಗ್ರಹಿಸುವುದು ಹೇಗೆ ಎಂಬ ವಿಷಯದಲ್ಲಿ ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ಈ ವಿಷಯದಲ್ಲಿ ನಮಗಿರುವ ಅರ್ಹತೆ ಒಂದು ಪ್ರಮಾದ. ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಮಗುವೊಂದರ ಶಸ್ತ್ರಚಿಕಿತ್ಸೆಗಾಗಿ ಬಂದ ಮನವಿಯನ್ನು ನಾವು ವಾಟ್ಸ್ಆ್ಯಪ್ ಮೂಲಕ ಪರಿಚಿತರಿಗೆಲ್ಲ ಕಳುಹಿಸಿದೆವು. ಮನವಿ ಸುಳ್ಳಾಗಿರಲಿಲ್ಲ. ಹಣ ಸೇರಿತು, ಶಸ್ತ್ರಚಿಕಿತ್ಸೆ ನಡೆಯಿತು, ಅಲ್ಲಾಹನ ಕೃಪೆಯಿಂದ ಮಗು ಗುಣವಾಯಿತು. ಆದರೆ ಆ ಸಂದೇಶದಲ್ಲಿ ದಿನಾಂಕವಿರಲಿಲ್ಲ. ಎಷ್ಟು ಹಣ ಬೇಕು, ಎಂದಿಗೆ ನಿಲ್ಲಿಸುತ್ತೇವೆ ಎಂಬುದೂ ಇರಲಿಲ್ಲ. ಅದು ಎರಡು ವರ್ಷ ಊರೂರು ಸುತ್ತಿತು. ಒಂದು ಶುಕ್ರವಾರ ಜುಮಾ ಮುಗಿಸಿ ಮಸೀದಿಯಿಂದ ಹೊರ ಬರುವಾಗ ಯುವಕನೊಬ್ಬ ನಮ್ಮನ್ನು ತಡೆದು ನಿಲ್ಲಿಸಿದ. “ಉಸ್ತಾದರೇ, ಉಮ್ಮ ಈಗಲೂ ತಿಂಗಳಿಗೆ ನೂರು ರೂಪಾಯಿ ಆ ಮಗುವಿಗೆ ಕಳುಹಿಸುತ್ತಿದ್ದಾರೆ. ಮಗು ಹೇಗಿದೆ ಎಂದು ನಿಮ್ಮಲ್ಲಿ ಕೇಳಿ ಬರಲು ಹೇಳಿದ್ದಾರೆ” ಎಂದ. ಆತನ ಉಮ್ಮ ಬೀಡಿ ಕಟ್ಟಿ ಬದುಕುವವರು.

ಆ ಹಣ ಯಾರ ಕೈ ಸೇರುತ್ತಿತ್ತು ಎಂಬುದು ನಮಗೆ ತಿಳಿದಿರಲಿಲ್ಲ. ವಿಚಾರಿಸಿಯೂ ಇರಲಿಲ್ಲ. ಆ ತಾಯಿಗೆ ಖಾತೆದಾರನ ಪರಿಚಯವಿರಲಿಲ್ಲ, ಆಸ್ಪತ್ರೆಯ ಪರಿಚಯವಿರಲಿಲ್ಲ. ಅವರು ನಂಬಿದ್ದು ನಮ್ಮನ್ನು.

ಸಹೋದರರೇ, ಇಂದಿನ ವಿಷಯದ ತಿರುಳು ಇದುವೇ. ಹಿಂದೆ ರಶೀದಿ ಪುಸ್ತಕ ಹಿಡಿದವರು ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದರು. ವ್ಯಾಪಾರಿಯು ರಶೀದಿಯ ಮೇಲಿನ ಹೆಸರು ನೋಡಿ ಹತ್ತೋ ಐವತ್ತೋ ಕೊಡುತ್ತಿದ್ದ. ಇಂದಿನ ಕ್ರಮದಲ್ಲಿ ಸಂಸ್ಥೆಯು ತನ್ನ ಬೆಂಬಲಿಗನ ಮೂಲಕ ಅವನ ಅಣ್ಣನನ್ನು, ಸೋದರಮಾವನನ್ನು, ಸಹಪಾಠಿಯನ್ನು ತಲುಪುತ್ತದೆ. ಕೊಡುವವನು ಸಂಸ್ಥೆಯ ಹೆಸರಿಗಿಂತ ಮೊದಲು ಕೇಳುವವನ ಮುಖ ನೋಡುತ್ತಾನೆ. ಆದ್ದರಿಂದ ಇಲ್ಲಿ ಪಣಕ್ಕಿಟ್ಟಿರುವುದು ನಿಮ್ಮ ಮುಖದ ಬೆಲೆ.

ಇದು ಹೊಸ ಆವಿಷ್ಕಾರವೆಂದು ಭಾವಿಸಬೇಕಾಗಿಲ್ಲ. 1875ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್‌ರು ಅಲಿಗಢದಲ್ಲಿ ವಿದ್ಯಾಸಂಸ್ಥೆಯನ್ನು ಆರಂಭಿಸಿದಾಗ ಅದಕ್ಕಾಗಿ ಊರೂರು ಅಲೆದು ಚಂದಾ ಎತ್ತಿದರು. ಟೀಕೆ, ಕುಹಕಗಳನ್ನು ಸಹಿಸಿದರು. ಅದು ಅನೇಕರಿಗೆ ತಿಳಿದಿರುವ ಚರಿತ್ರೆ. ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಸಂಗತಿಯಿದೆ. 1890ರಲ್ಲಿ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್‌ರ ಮುಂದಾಳುತನದಲ್ಲಿ ಅಲ್ಲಿ ‘ಅಂಜುಮನುಲ್ ಫರ್ಝ್’ ಎಂಬ ಕೂಟ ಸ್ಥಾಪನೆಯಾಯಿತು. ಅದುವೇ ಡ್ಯೂಟಿ ಸೊಸೈಟಿ. ವಿದ್ಯಾರ್ಥಿಗಳು ರಜಾದಿನಗಳಲ್ಲಿ ಊರುಗಳಿಗೆ ಹೋಗಿ, ಬಡ ವಿದ್ಯಾರ್ಥಿಗಳ ಓದಿಗಾಗಿ ಹಣ ಸಂಗ್ರಹಿಸಿ ತಂದರು. ಅವರು ಕೈಯಲ್ಲಿ ಹಿಡಿದ ಮನವಿ ಪತ್ರಕ್ಕಿಂತ ದೊಡ್ಡ ಪುರಾವೆ ಅವರೇ ಆಗಿದ್ದರು. ಕಾಲೇಜು ಏನು ಮಾಡುತ್ತದೆಂದು ಕೇಳಿದವರ ಮುಂದೆ ಆ ಕಾಲೇಜಿನಲ್ಲಿ ಓದುವ ಹುಡುಗ ನಿಂತಿದ್ದ. ಅದೇ ಆಫ್ತಾಬ್ ಅಹ್ಮದ್ ಖಾನ್‌ರು ಮುಂದೆ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಉಪಕುಲಪತಿಯಾದರು.

ನಮ್ಮ ಕಾಲದಲ್ಲಿ ಇದೇ ಕ್ರಮಕ್ಕೆ ಹೊಸ ಸಾಧನಗಳು ಬಂದಿವೆ. 2004ರಲ್ಲಿ ಆರಂಭವಾದ ಮುಂಬೈ ಮ್ಯಾರಥಾನ್‌ನಲ್ಲಿ ಓಡುವವರು ತಾವು ಮೆಚ್ಚಿದ ಸೇವಾ ಸಂಸ್ಥೆಗಾಗಿ ಗೆಳೆಯರಿಂದ, ಸಹೋದ್ಯೋಗಿಗಳಿಂದ ಹಣ ಕೂಡಿಸುವ ಪದ್ಧತಿ ಬೆಳೆಯಿತು. 2008ರಿಂದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲೂ ಅದು ನಡೆಯುತ್ತಿದೆ. ಮಿಲಾಪ್, ಕೆಟ್ಟೋ ಮೊದಲಾದ ಜಾಲತಾಣಗಳು ಬಂದ ಬಳಿಕ ಯಾರು ಬೇಕಾದರೂ ಮೊಬೈಲಿನಲ್ಲೇ ಮನವಿ ಪುಟ ತೆರೆಯಬಹುದಾಗಿದೆ. ನೆರೆಯ ಕೇರಳದಲ್ಲಿ ‘ಬಿರಿಯಾನಿ ಚಾಲೆಂಜ್’ ಎಂಬ ಸೊಗಸಾದ ರೂಢಿಯಿದೆ. ಸ್ವಯಂಸೇವಕರು ಮನೆಮನೆಗೆ ಹೋಗಿ ಬಿರಿಯಾನಿ ಪೊಟ್ಟಣಗಳಿಗೆ ಮುಂಗಡ ಬರೆಸಿಕೊಳ್ಳುತ್ತಾರೆ, ಊರವರೇ ಸೇರಿ ಬೇಯಿಸುತ್ತಾರೆ, ಉಳಿದ ಹಣ ರೋಗಿಯ ಚಿಕಿತ್ಸೆಗೋ ನೆರೆ ಸಂತ್ರಸ್ತರಿಗೋ ಹೋಗುತ್ತದೆ. ಅಲ್ಲಿ ಕೊಡುವವನಿಗೆ ಕೊಟ್ಟೆನೆಂಬ ಗರ್ವವಿಲ್ಲ, ಪಡೆಯುವವನಿಗೆ ಕೈ ಚಾಚಿದೆನೆಂಬ ನೋವಿಲ್ಲ.

ಇನ್ನು ಕ್ರಮದ ಬಗ್ಗೆ ಹೇಳೋಣ. ನಿಮ್ಮ ಸಂಸ್ಥೆಗೆ ಹದಿನೆಂಟು ವಿದ್ಯಾರ್ಥಿಗಳ ಶುಲ್ಕಕ್ಕಾಗಿ ತಲಾ ಹತ್ತು ಸಾವಿರದಂತೆ 1,80,000 ರೂಪಾಯಿ ಬೇಕೆಂದಿಟ್ಟುಕೊಳ್ಳಿ. ಮೂವರು ಶ್ರೀಮಂತರ ಬಾಗಿಲು ತಟ್ಟುವುದು ಒಂದು ದಾರಿ. ಇಪ್ಪತ್ತು ಮಂದಿ ಸ್ವಯಂಸೇವಕರು ತಲಾ ಹದಿನೈದು ಮಂದಿಯನ್ನು ಕಂಡು, ಒಬ್ಬೊಬ್ಬರಿಂದ ಸರಾಸರಿ ಆರುನೂರು ರೂಪಾಯಿ ಪಡೆಯುವುದು ಇನ್ನೊಂದು ದಾರಿ. ಮೊತ್ತ ಒಂದೇ. ಆದರೆ ಮೊದಲನೆಯದರಲ್ಲಿ ಮೂವರ ಮನಸ್ಸು ಬದಲಾದರೆ ಸಂಸ್ಥೆಯೇ ನಿಲ್ಲುತ್ತದೆ. ಎರಡನೆಯದರಲ್ಲಿ ಮುನ್ನೂರು ಮನೆಗಳಲ್ಲಿ ಈ ಮಕ್ಕಳ ವಿಚಾರ ಊಟದ ಹೊತ್ತಿಗೆ ಪ್ರಸ್ತಾಪವಾಗುತ್ತದೆ.

ಸ್ವಯಂಸೇವಕನು ಮೊದಲು ತನ್ನ ಪಾಲನ್ನು ಕೊಡಬೇಕು. ಮುದರ್ ಗೋತ್ರದ ಬಡವರು ಮೈಮೇಲೆ ಸರಿಯಾದ ವಸ್ತ್ರವಿಲ್ಲದೆ ಮದೀನಾಕ್ಕೆ ಬಂದಾಗ ಪ್ರವಾದಿವರ್ಯರು(ಸ) ಜನರಿಗೆ ದಾನದ ಕರೆ ನೀಡಿದರು. ಅನ್ಸಾರಿಯೊಬ್ಬರು ಎತ್ತಲಾರದಷ್ಟು ಭಾರದ ಚೀಲವನ್ನು ತಂದಿಟ್ಟ ಮೇಲೆ ಜನರು ಒಬ್ಬರ ಹಿಂದೊಬ್ಬರಾಗಿ ತಂದರು. ಆಹಾರದ ಮತ್ತು ಬಟ್ಟೆಯ ಎರಡು ರಾಶಿಗಳಾದವು. ಮೊದಲು ಇಟ್ಟ ಕೈಯೇ ಉಳಿದ ಕೈಗಳನ್ನು ಕರೆಯಿತು.

ಎರಡನೆಯದಾಗಿ, ಐನೂರು ಮಂದಿಗೆ ಒಂದೇ ಸಂದೇಶ ಕಳುಹಿಸುವುದಕ್ಕಿಂತ ಹದಿನೈದು ಮಂದಿಗೆ ಸ್ವತಃ ಕರೆ ಮಾಡಿ. ಎಲ್ಲರಿಗೂ ಬಂದ ಸಂದೇಶಕ್ಕೆ ಉತ್ತರಿಸುವ ಹೊಣೆ ಯಾರಿಗೂ ಇರುವುದಿಲ್ಲ. ಸಂಸ್ಥೆಯ ಕರಪತ್ರವನ್ನು ಓದಿ ಹೇಳಬೇಡಿ. ನೀವು ಈ ಕೆಲಸಕ್ಕೆ ಏಕೆ ಬಂದಿರಿ ಎಂಬುದನ್ನು ನಿಮ್ಮ ಮಾತಿನಲ್ಲಿ ಹೇಳಿ. ಬೇಕಾದ ಮೊತ್ತ, ಕೊನೆಯ ದಿನಾಂಕ ಮತ್ತು ಹಣ ಮಿಕ್ಕರೆ ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನೂ ತಪ್ಪದೆ ಹೇಳಿ. ಇಲ್ಲವೆಂದವರನ್ನು ಪೀಡಿಸಬೇಡಿ. ಅವರ ಮನೆಯ ಒಲೆಯ ಸ್ಥಿತಿ ನಮಗೆ ತಿಳಿಯದು. ಕೊಟ್ಟವರಿಗೆ ಅಂದೇ ಕೃತಜ್ಞತೆ ಹೇಳಿ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ನಮ್ಮದೊಂದು ಬಿನ್ನಹ. ಸ್ವಯಂಸೇವಕನನ್ನು ಬರಿಗೈಯಲ್ಲಿ ಕಳುಹಿಸಬೇಡಿ. ಒಂದು ಪುಟದಲ್ಲಿ ಸತ್ಯಾಂಶಗಳನ್ನು ಬರೆದು ಕೊಡಿ. ಹಣವು ಸಂಸ್ಥೆಯ ಹೆಸರಿನ ಖಾತೆಗೇ ಬರಲಿ, ಯಾರದೇ ಸ್ವಂತ ಮೊಬೈಲ್ ಸಂಖ್ಯೆಗೆ ಬೇಡ. ಎಷ್ಟು ಪ್ರಾಮಾಣಿಕನಾದರೂ ಸ್ವಂತ ಹಣದೊಂದಿಗೆ ಬೆರೆತ ಹಣದ ಲೆಕ್ಕ ಕೊಡಲು ಯಾರಿಗೂ ಸುಲಭವಲ್ಲ. ಜಾಲತಾಣದ ಮೂಲಕ ಸಂಗ್ರಹಿಸುವುದಾದರೆ ಅದರ ಶುಲ್ಕವೆಷ್ಟು, ದಾನಿಯಿಂದ ಪ್ರತ್ಯೇಕವಾಗಿ ‘ಟಿಪ್’ ಕೇಳುತ್ತದೆಯೇ ಎಂಬುದನ್ನು ಮೊದಲೇ ನೋಡಿ ತಿಳಿಸಿ. ಝಕಾತ್‌ನ ಹಣ ಮತ್ತು ಸಾಮಾನ್ಯ ದಾನದ ಹಣವನ್ನು ಬೇರೆ ಬೇರೆಯಾಗಿ ಬರೆದಿಡಿ. ಝಕಾತ್‌ಗೆ ಹಕ್ಕುದಾರರು ನಿಗದಿಯಾಗಿದ್ದಾರೆ. ಅದರಿಂದ ಕಟ್ಟಡಕ್ಕೆ ಬಣ್ಣ ಬಳಿಯಲಾಗದು.

ಕಾನೂನಿನ ವಿಷಯದಲ್ಲೂ ಉದಾಸೀನ ಬೇಡ. ಆದಾಯ ತೆರಿಗೆಯ ರಿಯಾಯಿತಿ ಸಿಗುವುದು ನೋಂದಾಯಿತ ಸಂಸ್ಥೆಗೆ ನೀಡಿದ ದಾನಕ್ಕೆ, ಅದೂ ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದ್ದರೆ ಇಲ್ಲ. ಭಾರತದ ಪೌರತ್ವವಿರುವ ಸಹೋದರನು ಗಲ್ಫ್‌ನಿಂದ ತನ್ನ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ವಿದೇಶದ ಪೌರತ್ವ ಪಡೆದವನು, ಭಾರತೀಯ ಮೂಲದವನೇ ಆಗಿದ್ದರೂ, ಕಳುಹಿಸಿದ ಹಣ ವಿದೇಶಿ ದೇಣಿಗೆ. ಅದಕ್ಕೆ ಕೇಂದ್ರ ಗೃಹ ಇಲಾಖೆಯ ಅನುಮತಿ ಬೇಕು. ಯುಎಇಯಲ್ಲಿ ಪರವಾನಿಗೆಯಿಲ್ಲದ ವ್ಯಕ್ತಿಗಳು ದೇಣಿಗೆ ಸಂಗ್ರಹಿಸುವುದನ್ನು 2021ರ ಕಾನೂನು ನಿಷೇಧಿಸಿದೆ. ನಮ್ಮ ಊರಿನ ಒಳಿತಿಗಾಗಿ ಅಲ್ಲಿನ ನಮ್ಮ ತಮ್ಮಂದಿರನ್ನು ಸಂಕಷ್ಟಕ್ಕೆ ದೂಡಬೇಡಿ. ಅವರು ತಮ್ಮದನ್ನು ಕಳುಹಿಸಲಿ, ಇತರರಿಂದ ಎತ್ತುವ ಕೆಲಸವನ್ನು ಅವರಿಗೆ ವಹಿಸುವುದು ಬೇಡ.

ಇನ್ನೊಂದು ಮಾತನ್ನು ತುಸು ಕಠಿಣವಾಗಿಯೇ ಹೇಳಬೇಕಾಗಿದೆ. ರೋಗಿಯ ಮೂಗಿಗೆ ನಳಿಕೆ ಹಾಕಿರುವ ಚಿತ್ರ, ಅಳುವ ತಾಯಿಯ ವೀಡಿಯೋ ಇಲ್ಲದೆ ಹಣ ಬರುವುದಿಲ್ಲವೆಂದು ಕೆಲವರು ವಾದಿಸುತ್ತಾರೆ. ಆ ಮಗು ನಾಳೆ ಗುಣವಾಗಿ ಶಾಲೆಗೆ ಹೋಗಲಿದೆ. ಅದರ ಸಹಪಾಠಿಗಳ ಮೊಬೈಲಿನಲ್ಲಿ ಆ ಚಿತ್ರ ಉಳಿದಿರುತ್ತದೆ. ಶುಲ್ಕ ಕಟ್ಟಲಾಗದ ಹೆಣ್ಣುಮಗಳ ಭಾವಚಿತ್ರವನ್ನು ಹಂಚಿ ನಾವು ಅವಳಿಗೆ ವಿದ್ಯೆ ಕೊಡಿಸಬಹುದು, ಆದರೆ ಅವಳಿಂದ ಕಸಿದ ಮಾನವನ್ನು ಮರಳಿಸಲಾರೆವು. ವೈದ್ಯರ ಪತ್ರ, ಶಾಲೆಯ ಪತ್ರ ಸಂಸ್ಥೆಯ ಕಡತದಲ್ಲಿರಲಿ. ಕೇಳಿದ ದಾನಿಗೆ ಕುಟುಂಬದ ಸಮ್ಮತಿಯಿಂದ ತೋರಿಸಿ. ಊರಿಗೆಲ್ಲ ಹಂಚಬೇಡಿ.

ಕೊನೆಯದಾಗಿ ಲೆಕ್ಕ. ಗುರಿ ತಲುಪಿದ ದಿನವೇ ‘ಹಣ ಸೇರಿದೆ, ಇನ್ನು ಕಳುಹಿಸಬೇಡಿ’ ಎಂದು ತಿಳಿಸುವ ಧೈರ್ಯ ನಿಮಗಿರಲಿ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಮೂರು ಸಾಲುಗಳು ಕೊಟ್ಟ ಪ್ರತಿಯೊಬ್ಬರಿಗೂ ತಲುಪಲಿ. ನೂರು ಕೊಟ್ಟವರಿಗೂ ಸಾವಿರ ಕೊಟ್ಟವರಿಗೂ ಒಂದೇ ಲೆಕ್ಕಪತ್ರ ಹೋಗಲಿ. ನಮ್ಮ ಸಮುದಾಯದಲ್ಲಿ ಔದಾರ್ಯಕ್ಕೆ ಕೊರತೆಯಿಲ್ಲ. ಕೊಟ್ಟವನಿಗೆ ಮರಳಿ ಬಂದು ಉತ್ತರ ಹೇಳುವ ಅಭ್ಯಾಸಕ್ಕೆ ಕೊರತೆಯಿದೆ.

ಆ ಬೀಡಿ ಕಟ್ಟುವ ಉಮ್ಮನ ಬಳಿಗೆ ನಾವು ಹೋದೆವು. ಮಗು ಗುಣವಾಗಿ ಎರಡು ವರ್ಷವಾಯಿತೆಂದೂ, ನಾವು ತಿಳಿಸದೇ ಹೋದೆವೆಂದೂ ಒಪ್ಪಿಕೊಂಡೆವು. ಬೈಗುಳ ಕೇಳಲು ಸಿದ್ಧರಾಗಿಯೇ ಹೋಗಿದ್ದೆವು. ಅವರು ಮೊರದಿಂದ ಮುಖವೆತ್ತಿ ‘ಅಲ್‌ಹಮ್ದುಲಿಲ್ಲಾಹ್’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ಮಗುವಿದ್ದರೆ ಹೇಳಿ. ಈ ಸಲ ಮುಗಿದಾಗ ಮುಗಿಯಿತೆಂದೂ ಹೇಳಿ” ಎಂದರು.

ನಾವು ಇಂದು ಇಷ್ಟು ಹೊತ್ತು ಮಾತನಾಡಿದ್ದು ಆ ತಾಯಿ ಹೇಳಿದ ಎರಡು ಮಾತುಗಳ ವಿವರಣೆ ಮಾತ್ರ. ನೀವು ನಾಳೆ ಯಾರ ಬಾಗಿಲಿಗೆ ಹೋಗುತ್ತೀರೋ ಆ ಬಾಗಿಲಿಗೆ ಲೆಕ್ಕದೊಂದಿಗೆ ಮರಳಿ ಹೋಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ವಸ್ಸಲಾಮ್.